ಮಗ್ಗದಡಿಯ ಕನ್ನಡಿ

ಶನಿವಾರ ಬೆಳಿಗ್ಗೆ ಆರೂವರೆಗೆ ಕಲ್ಪನಾಳ ಮೊಬೈಲಿಗೆ ಬಂದ ಮೆಸೇಜು ಹೊಗಳಿಕೆಯದು. ಓದಿದವರ ಕೈಕಾಲು ತಣ್ಣಗಾಗುವಂಥ ಹೊಗಳಿಕೆಯೂ ಇರುತ್ತದೆ ಎಂದು ಅವಳಿಗೆ ಅಂದೇ ಗೊತ್ತಾದದ್ದು. ಕಳಿಸಿದವರು ಕಲ್ಯಾಣದುರ್ಗದ ಡ್ರಾಯಿಂಗ್ ಮೇಷ್ಟ್ರು ರೇಣುಕಾಪ್ರಸಾದ್. ಆ ದಿನ ಅವರ ಊರಿನ ಕಲ್ಯಾಣ ಮಂಟಪದಲ್ಲಿ ಅವರೇ ನಡೆಸುವ ಫೋಟೋ ಸ್ಪರ್ಧೆಯ ಪ್ರದರ್ಶನವಿತ್ತು. ಫ್ಲಾಶ್ ಇಲ್ಲದೆ, ಲೈಟು ಹಾಕದೆ, ಬರೀ ಬಿಸಿಲು ನೆರಳಿನಲ್ಲಿ ತೆಗೆದ ದಿನನಿತ್ಯದ ಚಿತ್ರಗಳಷ್ಟೇ ಅಲ್ಲಿಗೆ ಪ್ರವೇಶ. ಕಲ್ಪನಾಳ ಫೋಟೋವನ್ನು ಮೇಷ್ಟ್ರು ನಾಲ್ಕಡಿ ಅಗಲಕ್ಕೆ ಪ್ರಿಂಟ್ ಹಾಕಿಸಿ, ಬಾಗಿಲ ಎದುರಿನ ಗೋಡೆಗೇ ತೂಗಿಸಿ, ಅದರದೊಂದು ಚಿತ್ರ ಕಳಿಸಿದ್ದರು. ಕೆಳಗೊಂದು ಸಾಲು: 'ಬೆಳಕು ಹಿಡಿದಿರೋದು ಸರಿ, ಆದರೆ ಕನ್ನಡಿ ಮೂಲೇಲಿ ಆ ಕಣ್ಣು ಇಟ್ಟಿದ್ದೀಯಲ್ಲ, ಅದಕ್ಕೇ ಈ ಫೋಟೋ ಮೊದಲು ಕಣಮ್ಮ.'

ಯಾವ ಕಣ್ಣು?

ಕಲ್ಪನಾ ಚಿತ್ರವನ್ನು ಹಿಗ್ಗಿಸಿದಳು. ಕೆಂಪು ರೇಷ್ಮೆ, ಜರಿಯ ಹೂವು, ಅವುಗಳ ಕೆಳಗೆ ಅಂಗೈಯಗಲದ ಕನ್ನಡಿ. ಕನ್ನಡಿಯ ಬಲಮೂಲೆಯಲ್ಲಿ, ಅವಳು ಇಷ್ಟು ದಿನ ನೆರಳಿನ ತುಂಡು ಎಂದುಕೊಂಡಿದ್ದ ಜಾಗದಲ್ಲಿ, ಒಂದು ಕಣ್ಣಿತ್ತು. ಅದರ ಮೇಲೆ ಹುಬ್ಬು. ಹುಬ್ಬನ್ನು ಎರಡಾಗಿ ಸೀಳಿದ ಹೊಲಿಗೆಯ ಗುರುತು.

ಅದು ಶಿವರಂಜನಿಯ ಕಣ್ಣು.

ಶಿವರಂಜನಿ ಅವರ ಮನೆಯವಳಲ್ಲ. ಕಲ್ಯಾಣದುರ್ಗದ ಬಟ್ಟೆ ವ್ಯಾಪಾರಿ ಕೊಟ್ರೇಶನ ಹೆಂಡತಿ. ನಾಲ್ಕು ವರ್ಷ ಅವನ ಕೈಯೇಟು ತಿಂದು, ಕೊನೆಗೊಂದು ದಿನ ಹುಬ್ಬಿಗೆ ಆರು ಹೊಲಿಗೆ ಹಾಕಿಸಿಕೊಂಡು, ಆಸ್ಪತ್ರೆಯಿಂದ ಮನೆಗೆ ಹೋಗದೆ ಸಿಕ್ಕ ಬಸ್ಸು ಹತ್ತಿ ಹಿಂದೂಪುರಕ್ಕೆ ಬಂದವಳು. ಬಸ್‌ಸ್ಟ್ಯಾಂಡ್ ಹತ್ತಿರ ಕಲ್ಪನಾ ಕೆಲಸ ಮಾಡುವ ಸ್ಟುಡಿಯೋಗೆ, ಯಾವುದೋ ಹಾಸ್ಟೆಲಿನ ಅರ್ಜಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕೆಂದು ಬಂದು ಕೂತಿದ್ದಳು. 'ಸ್ವಲ್ಪ ಬೆಳಕಿನ ಕಡೆ ತಿರುಗಮ್ಮ' ಎಂದದ್ದಕ್ಕೆ ಗೊಳೋ ಎಂದು ಅತ್ತುಬಿಟ್ಟಳು. ಸಂಜೆ ಕಲ್ಪನಾ ಅವಳನ್ನು ನೇಕಾರರ ಬೀದಿಯ ತನ್ನ ಮನೆಗೆ ಕರೆದುಕೊಂಡು ಹೋದಳು. ಕಲ್ಪನಾಳ ಅಪ್ಪ ಕೇಶವಯ್ಯ ಒಂದೇ ಮಾತು ಕೇಳಿದ್ದು: 'ಕೈ ಕೆಲ್ಸ ಕಲೀತೀಯೇನಮ್ಮ?'

ಎಂಟು ತಿಂಗಳಾಗಿತ್ತು. ಅತ್ತ ಕೊಟ್ರೇಶ ಸುಮ್ಮನಿರಲಿಲ್ಲ. ಹೆಂಡತಿ ಒಡವೆ ಕದ್ದು ಓಡಿಹೋದಳೆಂದು ಊರಿಗೆಲ್ಲ ಸಾರಿದ್ದ. ಅವಳ ಫೋಟೋ ಹಾಕಿ ಸುಳಿವು ಕೊಟ್ಟವರಿಗೆ ಬಹುಮಾನವೆಂದು ವಾಟ್ಸಾಪ್‌ನಲ್ಲಿ ಹರಿಬಿಟ್ಟಿದ್ದ. 'ಎಲ್ಲಿದ್ರೂ ಜುಟ್ಟು ಹಿಡ್ದು ಎಳ್ಕೊಂಡ್ ಬತ್ತೀನಿ' ಎಂದು ಅವಳ ತವರಿನ ಬಾಗಿಲಲ್ಲಿ ನಿಂತು ಕೂಗಿಯೂ ಬಂದಿದ್ದ. ಪೊಲೀಸರ ಹತ್ತಿರ ಹೋದರೆ ಇರುವ ಜಾಗ ಗೊತ್ತಾಗುತ್ತದೆಂದು ಶಿವರಂಜನಿ ಸ್ಟೇಷನ್ನಿನ ಹೆಸರೆತ್ತಿದರೂ ನಡುಗುತ್ತಿದ್ದಳು. ಅವಳನ್ನು ಯಾವ ಫೋಟೋದಲ್ಲೂ ತರುವುದಿಲ್ಲ ಎಂದು ಕಲ್ಪನಾ ಮಾತು ಕೊಟ್ಟಿದ್ದಳು.

ಮಾತಿಗೆ ತಪ್ಪುವ ಉದ್ದೇಶ ಅವಳಿಗಿರಲಿಲ್ಲ ಎನ್ನುವುದನ್ನು ನಾವು ಒಪ್ಪಬೇಕು. ಆದರೆ ಬೆಳಕಿನ ಹುಚ್ಚು ಹಿಡಿದವರಿಗೆ ಮಿಕ್ಕದ್ದು ಕಾಣುವುದಿಲ್ಲ ಎನ್ನುವುದೂ ನಿಜ. ಹುಣಸೆಹಣ್ಣಿನ ಮಂಡಿಯಲ್ಲಿ ಹಮಾಲಿಗಳ ನೆರಳು, ಪಾತ್ರೆ ಅಂಗಡಿಯ ಕೊಡಗಳಲ್ಲಿ ಡೊಂಕಾಗಿ ಕಾಣುವ ಬೀದಿ, ಟೀ ಅಂಗಡಿ ಮುಂದಿನ ಕೊಚ್ಚೆಯಲ್ಲಿ ತಲೆಕೆಳಗಾದ ಆಕಾಶ, ಹೀಗೆ ಕಂಡಕಂಡಲ್ಲಿ ಕುಕ್ಕರಗಾಲಲ್ಲಿ ಕೂತು ಮೊಬೈಲು ಹಿಡಿಯುವ ಹುಡುಗಿ ಅವಳು. ಆ ಬೇಸಿಗೆಯಲ್ಲಿ ಅವಳ ಕಣ್ಣು ಬಿದ್ದದ್ದು ಮನೆಯ ಮಗ್ಗದ ಮೇಲೆ. ಅವರ ಮಗ್ಗದಲ್ಲಿ ಸೀರೆಯ ಮುಖ ಕೆಳಗೆ, ಬೆನ್ನು ಮೇಲೆ. ಹೂವು ಸರಿಯಾಗಿ ಬಿದ್ದಿದೆಯೋ ಇಲ್ಲವೋ ನೋಡಬೇಕಾದರೆ ಬಟ್ಟೆಯ ಅಡಿಗೆ ಕನ್ನಡಿ ತೂರಿಸಬೇಕು. ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ ಛಾವಣಿಯ ಗಾಜಿನ ಹೆಂಚಿನಿಂದ ಇಳಿದ ಬಿಸಿಲು ಆ ಕನ್ನಡಿಗೆ ಬಡಿದು, ಸೀರೆಯ ಅಡಿಭಾಗವೆಲ್ಲ ಒಳಗಿನಿಂದಲೇ ಹೊತ್ತಿಕೊಂಡ ಹಾಗೆ ಕಾಣುತ್ತಿತ್ತು. ಏಳೆಂಟು ನಿಮಿಷ, ಅಷ್ಟೇ. ಅದನ್ನು ಹಿಡಿಯಲು ಅವಳು ಹದಿನೈದು ದಿನ ಕಾದಳು. ಮಗ್ಗದಲ್ಲಿ ತಮ್ಮ ಆನಂದಕುಮಾರ್ ಕೂತಿದ್ದ. ಕನ್ನಡಿ ಹಿಡಿದಿದ್ದವಳು ಶಿವರಂಜನಿ. ಅವಳ ಬೆರಳೂ ಬೀಳದ ಹಾಗೆ ಕಲ್ಪನಾ ಅಂಚು ಕತ್ತರಿಸಿಯೇ ಚಿತ್ರ ತೆಗೆದಿದ್ದಳು.

ಕಳಿಸುವ ಮುಂಚೆ ಮನೆಯವರಿಗೆಲ್ಲ ತೋರಿಸಿದ್ದಳು ಕೂಡ. ಕೇಶವಯ್ಯ ಕನ್ನಡಕ ಏರಿಸಿ ನೋಡಿ 'ಅಂಚು ಬಿಗಿಯಾಗೈತೆ' ಎಂದ. ಅಜ್ಜಿ ಎರ್ರಮ್ಮ 'ಮೂರ್ನೇ ಹೂವಲ್ಲಿ ಎಳೆ ಸಡ್ಲ' ಎಂದು ಮೊಮ್ಮಗನಿಗೆ ಬೈದಳು. ಅಕ್ಕಪಕ್ಕದ ಐದಾರು ಮನೆಯವರು ನೋಡಿದರು. ಶಿವರಂಜನಿಯೇ ನೋಡಿದಳು. ಒಬ್ಬರಿಗೂ ಕಣ್ಣು ಕಾಣಲಿಲ್ಲ. ಆ ಬೀದಿಯಲ್ಲಿ ಮಗ್ಗದ ಕನ್ನಡಿ ಇರುವುದು ಬಟ್ಟೆ ನೋಡುವುದಕ್ಕೆ. ಅದರಲ್ಲಿ ಮುಖ ನೋಡಿಕೊಂಡರೆ ನೇಯ್ಗೆ ಕೆಡುತ್ತದೆಂದು ಚಿಕ್ಕಂದಿನಲ್ಲೇ ಕೈಮೇಲೆ ಹೊಡೆದು ಕಲಿಸಿರುತ್ತಾರೆ. ಎಂಟು ತಿಂಗಳಲ್ಲಿ ಶಿವರಂಜನಿಗೂ ಕಲಿಸಿಯಾಗಿತ್ತು. ಹುಟ್ಟಿದಾಗಿನಿಂದ ಆ ಕನ್ನಡಿಯಲ್ಲಿ ಮುಖ ಹುಡುಕದವರಿಗೆ ಮುಖ ಕಾಣುವುದಾದರೂ ಹೇಗೆ?

ಹೊರಗಿನವರಿಗೆ ಹಾಗಲ್ಲ. ಮೇಷ್ಟ್ರಿಗೆ ಮೊದಲು ಕಂಡದ್ದೇ ಕಣ್ಣು.

ಕಲ್ಪನಾ ಮೇಷ್ಟ್ರಿಗೆ ಫೋನು ಮಾಡಿದಳು. ಮೂರನೇ ಸಲಕ್ಕೆ ಎತ್ತಿದರು. ಫೋನು ಸ್ಪೀಕರಿನಲ್ಲಿತ್ತು, ಸುತ್ತ ಸುತ್ತಿಗೆ ಬಡಿಯುವ ಸದ್ದು.

'ಸಾರ್, ಆ ಫೋಟೋ...' ಎನ್ನುವಷ್ಟರಲ್ಲಿ ಅವರು ಬೇರೆ ಯಾರಿಗೋ ಕೂಗಿದರು: 'ಕೊಟ್ರೇಶಪ್ಪ, ಬಿಳೀ ಬಟ್ಟೆ ಇನ್ನೊಂಚೂರು ಈ ಕಡೆ ಎಳೀಪ್ಪ! ಹಾಂ, ಹೇಳಮ್ಮ ಕಲ್ಪನಾ. ನಮ್ಮೂರ ಬಟ್ಟೆ ಅಂಗ್ಡಿ ಕೊಟ್ರೇಶಪ್ಪ ಗೋಡೆಗೆಲ್ಲ ಬಟ್ಟೆ ದಾನ ಕೊಟ್ಟವ್ರೆ, ತಾನೇ ನಿಂತು ಕಟ್ಟಿಸ್ತಾವ್ರೆ. ಏನು ಸಮಾಚಾರ?'

ಆ ಮನುಷ್ಯ ಅಲ್ಲೇ ಇದ್ದ. ಮೇಷ್ಟ್ರಿಗೆ ಅವನ ಮನೆಯ ಸಂಗತಿ ಗೊತ್ತಿರಬಹುದು, ಆದರೆ ಈ ಕಣ್ಣು ಯಾರದೆಂದು ಗೊತ್ತಿಲ್ಲ. ಅವನ ಕಿವಿಗೆ ಬೀಳುವ ಹಾಗೆ ಅವಳು ಏನೆಂದು ಹೇಳಿಯಾಳು? ಮೆಸೇಜು ಹಾಕಿದರೂ ಅವನೇ ಪಕ್ಕದಿಂದ ಇಣುಕಿ ಓದಿಬಿಟ್ಟರೆ?

'ಏನಿಲ್ಲ ಸಾರ್. ಬತ್ತಾ ಇದೀನಿ ಅಂತ ಹೇಳಾಕೆ ಮಾಡ್ದೆ' ಎಂದು ಫೋನಿಟ್ಟಳು.

ಶಿವರಂಜನಿ ಹಿತ್ತಲಲ್ಲಿ ನೀರು ಸೇದುತ್ತಿದ್ದಳು. ಅವಳಿಗೆ ಹೇಳದೆ ಹೋಗಿಬಿಡೋಣ ಎಂದು ಕಲ್ಪನಾಳಿಗೆ ಅನ್ನಿಸಿತು. ಹೇಳದಿದ್ದರೆ ಅದು ಎರಡನೇ ಮೋಸ ಎಂದೂ ಅನ್ನಿಸಿತು. ಹತ್ತಿರ ಹೋಗಿ ಮೊಬೈಲು ತೋರಿಸಿದಳು. ಶಿವರಂಜನಿ ನೋಡಿದಳು, ಕೊಡವನ್ನು ಕೆಳಗಿಟ್ಟಳು, ತಾನೂ ಅಲ್ಲೇ ಕೆಳಗೆ ಕೂತುಬಿಟ್ಟಳು.

'ಎಲ್ಲೈತಕ್ಕ ಇದು?'

'ಕಲ್ಯಾಣದುರ್ಗದಲ್ಲಿ.'

ಅವಳು ಬೈಯಲಿಲ್ಲ. ಬೈದಿದ್ದರೆ ಕಲ್ಪನಾಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕೇಳಿದ್ದು ಒಂದೇ: 'ನಾನು ಬ್ಯಾಗು ಕಟ್ಕಂಡಿರ್ಲಾ?'

'ಬ್ಯಾಡ. ಜನ ಬರಾಷ್ಟ್ರಲ್ಲಿ ನಾನು ಹೋಗಿ ಅದನ್ನ ಇಳಿಸ್ತೀನಿ' ಎಂದು ಕಲ್ಪನಾ ತಮ್ಮನನ್ನು ಎಬ್ಬಿಸಿದಳು.

ಪ್ರದರ್ಶನ ಹತ್ತೂವರೆಗೆ. ಅಕ್ಕ ತಮ್ಮ ಇಬ್ಬರೂ ಹಲ್ಲುಜ್ಜದೆ ಹೊರಟರು, ಆನಂದಕುಮಾರ್ ಗಾಡಿ ತೆಗೆದ. ಸೋಮಂದೇಪಲ್ಲಿ ದಾಟುವಾಗ ಬಿಸಿಲು ಆಗಷ್ಟೇ ರಸ್ತೆಗೆ ಬಿದ್ದಿತ್ತು. ಗಾಡಿಯ ನೆರಳು ರಸ್ತೆ ದಾಟಿ ಕಡಲೆಕಾಯಿ ಹೊಲದೊಳಗೆ ಉದ್ದಕ್ಕೆ ಓಡುತ್ತಿತ್ತು. ಬೇರೆ ದಿನವಾಗಿದ್ದರೆ 'ನಿಲ್ಸೋ, ನಿಲ್ಸೋ' ಎಂದು ಇಳಿದು ಬಿಡುತ್ತಿದ್ದಳು. ಇಂದು ಅದನ್ನು ಕಂಡರೆ ಮೈಯುರಿಯಿತು. ಪೆನುಕೊಂಡದಲ್ಲಿ ರೈಲ್ವೆ ಗೇಟು ಬಿದ್ದು ಹನ್ನೆರಡು ನಿಮಿಷ ತಿಂದಿತು. ಮುಂದೆ ಒಂದು ಕುರಿಮಂದೆ. ಕುರಿ ಕಾಯುವವನು ಅವಸರವೇ ಇಲ್ಲದೆ ತೆಲುಗಿನಲ್ಲಿ ಏನೋ ಹಾಡಿಕೊಳ್ಳುತ್ತ ದಾಟಿದ.

'ಅವ್ನು ನೋಡಿರ್ತಾನೆ ಕಣಕ್ಕ. ಬೆಳಗ್ಗಿಂದ ಅದ್ರ ಮುಂದೇ ಅವ್ನೆ' ಎಂದ ಆನಂದಕುಮಾರ್.

'ಬಾಯ್ಮುಚ್ಕಂಡು ಗಾಡಿ ಓಡ್ಸು.'

ಬಾಯಿ ಮುಚ್ಚಿಸಿದಳೇ ಹೊರತು ಅವಳಿಗೂ ಅದೇ ಅನುಮಾನ. ಗುರುತು ಹಿಡಿದಿದ್ದರೆ ಅವನು ಆಗಲೇ ಕಾರು ಹತ್ತಿ ಹಿಂದೂಪುರದ ದಾರಿ ಹಿಡಿದಿರಬೇಕು. ಎದುರಿಗೆ ಬಂದ ಪ್ರತಿ ಕಾರಿನೊಳಗೂ ಅವಳು ಇಣುಕಿ ನೋಡಿದಳು. ಅವನ ಮುಖ ಅವಳು ಕಂಡವಳಲ್ಲ. ಆದರೂ ಇಣುಕುವುದು ನಿಲ್ಲಲಿಲ್ಲ.

ಮಂಟಪಕ್ಕೆ ತಲುಪಿದಾಗ ಹತ್ತಕ್ಕೆ ಐದು ನಿಮಿಷ. ಫೋಟೋ ಬಾಗಿಲಲ್ಲೇ ಎದುರಾಯಿತು. ಮೊಬೈಲಿನಲ್ಲಿ ಕಾಳಿನಷ್ಟಿದ್ದ ಕಣ್ಣು ಇಲ್ಲಿ ಅವಳ ಅಂಗೈಗಿಂತ ದೊಡ್ಡದು. ಹೊಲಿಗೆಯ ಗುರುತನ್ನು ಒಂದೊಂದಾಗಿ ಎಣಿಸಬಹುದಿತ್ತು. ಅದರಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಣೆಗೆ ವಿಭೂತಿ ಇಟ್ಟ ಮೂವತ್ತೈದರ ಒಬ್ಬ ಗಂಡಸು ಬಿಳಿ ಬಟ್ಟೆಯ ಸುಕ್ಕು ಬಿಡಿಸುತ್ತಿದ್ದ. ಯಾರೋ 'ಕೊಟ್ರೇಶಣ್ಣ' ಎಂದರು. ಅವನು ತಿರುಗಿ ನಕ್ಕ. ಚೆನ್ನಾಗಿಯೇ ನಗುತ್ತಿದ್ದ, ಹಾಳಾದವನು.

ಕಲ್ಪನಾ ಮೇಷ್ಟ್ರನ್ನು ಕಂಬದ ಮರೆಗೆ ಎಳೆದಳು. 'ಸಾರ್, ನನ್ ಫೋಟೋ ತೆಗ್ಸಿಬಿಡಿ.'

'ಏನಮ್ಮ ಹಂಗಂದ್ರೆ! ಗೆಸ್ಟು ಬರೋ ಹೊತ್ತು. ಮೊದಲನೇ ಬಹುಮಾನ ಅದಕ್ಕೇ ಅಂತ ನಿಶ್ಚಯ ಆಗೈತೆ.'

'ಬಹುಮಾನ ಬ್ಯಾಡ ಸಾರ್. ತಪ್ಪೈತೆ ಅದ್ರಲ್ಲಿ.'

'ಏನು ತಪ್ಪು?'

ನಿಜ ಹೇಳಲು ಬಾಯಿ ತೆರೆದಳು. ಮೇಷ್ಟ್ರ ಭುಜದ ಹಿಂದೆ ಆ ಇಸ್ತ್ರಿ ಅಂಗಿ ಇವರ ಕಡೆಗೇ ಬರುತ್ತಿತ್ತು. ಗಾಬರಿಯಲ್ಲಿ ನಾಲಿಗೆಗೆ ಸಿಕ್ಕಿದ್ದನ್ನು ಅಂದುಬಿಟ್ಟಳು: 'ನೇಯ್ಗೆ ತಪ್ಪೈತೆ ಸಾರ್. ನಾಕ್ ಜನ ನೋಡಿದ್ರೆ ನಮ್ಮಪ್ಪನ ಮರ್ಯಾದೆ ಹೋಯ್ತೈತೆ.'

ನೇಕಾರರ ಮಗಳಿಗೆ ಹೊಳೆಯುವ ಸುಳ್ಳು ಅದೇ. ಆದರೆ ಬಟ್ಟೆ ವ್ಯಾಪಾರಿಯ ಕಿವಿಗೆ ಬೀಳುವ ಹಾಗೆ ಆಡುವ ಸುಳ್ಳಲ್ಲ ಅದು.

'ನೇಯ್ಗೆ ತಪ್ಪಾ? ಎಲ್ಲಿ?' ಕೊಟ್ರೇಶ ಹುಮ್ಮಸ್ಸಿನಿಂದ ಕೇಳಿದ. 'ಬನ್ನಿ ಮೇಡಂ, ನಾನು ನೋಡಿ ಹೇಳ್ತೀನಿ. ಹದಿನೈದು ವರ್ಷದಿಂದ ಇದೇ ಕೆಲ್ಸ ನಂದು.'

ಕಲ್ಪನಾ ನಾಲಿಗೆ ಕಚ್ಚಿಕೊಂಡಳು. ಅವನು ಫೋಟೋದ ಮುಂದೆ ಹೋಗಿ ನಿಂತ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಎಡತುದಿಯಿಂದ ಶುರು ಮಾಡಿ, ಚಿತ್ರದ ಮೇಲೆ ಬೆರಳಾಡಿಸುತ್ತ, ಒಂದೊಂದೇ ಹೂವು ನೋಡಿದ. ಮೊದಲನೆಯದು. ಎರಡನೆಯದು. ಮೂರನೆಯದರಲ್ಲಿ ನಿಂತು 'ಇಲ್ಲೊಂದೆಳೆ ಸಡ್ಲ, ಇದೇನ್ ತಪ್ಪಲ್ಲ' ಎಂದ. ಬೆರಳು ಕನ್ನಡಿಯ ಅಂಚು ದಾಟಿತು. ಬಲಮೂಲೆಗೆ ಬಂತು. ಹುಬ್ಬಿನ ಮೇಲೆ, ಹೊಲಿಗೆಯ ಗುರುತಿನ ಮೇಲೆ, ನಿಂತಿತು.

ಆನಂದಕುಮಾರ್ ಮುಷ್ಟಿ ಬಿಗಿದುಕೊಂಡು ಎರಡು ಹೆಜ್ಜೆ ಹತ್ತಿರ ಬಂದಿದ್ದ.

ಕೊಟ್ರೇಶ ತಲೆ ಓರೆ ಮಾಡಿದ. 'ಇಲ್ಲಿ ಯಾವ್ದೋ ಹೆಂಗ್ಸಿನ ಕಣ್ಣು ಅಡ್ಡ ಬಂದ್ಬುಟ್ಟೈತೆ. ಇಲ್ದಿದ್ರೆ ಅಂಚು ಪೂರ್ತಿ ಕಾಣ್ತಿತ್ತು' ಎಂದ. ಬೆರಳು ತೆಗೆದ. ಕನ್ನಡಕ ತೆಗೆದ. 'ತಪ್ಪೇನಿಲ್ಲ ಮೇಡಂ, ಒಳ್ಳೇ ಮಾಲು. ಯಾರ ಮಗ್ಗ ಇದು?'

ಅವಳು ಉತ್ತರ ಕೊಡುವ ಮೊದಲೇ ಮೇಷ್ಟ್ರು ಅಭಿಮಾನದಿಂದ ಹೇಳಿಯೇಬಿಟ್ಟರು: 'ಇವ್ರ ತಂದೆಯವ್ರದೇ. ಹಿಂದೂಪುರ, ನೇಕಾರರ ಬೀದಿ, ಕೇಶವಯ್ಯ ಅಂದ್ರೆ ಯಾರಾದ್ರೂ ತೋರಿಸ್ತಾರೆ.'

'ಸರೇ, ಸೋಮ್ವಾರ ನಾನು ಆ ಕಡೆ ಬತ್ತೀನಿ. ಈ ಸೀರೆ ನಂಗೇ ಇಡ್ಬೇಕು' ಎಂದು ಕೊಟ್ರೇಶ ತನ್ನ ಕಾರ್ಡನ್ನು ಅವಳ ಕೈಗಿಟ್ಟು, ಹೊರಗೆ ಬಂದ ಕಾಫಿಯ ಕಡೆ ಹೋದ.

ಅವನಿಗೆ ಗುರುತು ಸಿಗಲಿಲ್ಲವೆಂದು ಕಲ್ಪನಾಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಬಂದದ್ದು ಸಿಟ್ಟು. ನಾಲ್ಕು ವರ್ಷ ಜೊತೆಗಿದ್ದವಳ ಕಣ್ಣು! ತಾನೇ ಹೊಡೆದು ಸೀಳಿದ ಹುಬ್ಬು! ಅದರ ಮೇಲೇ ಬೆರಳಿಟ್ಟುಕೊಂಡು 'ಯಾವ್ದೋ ಹೆಂಗ್ಸು' ಎಂದನಲ್ಲ. ಆ ಸಿಟ್ಟು ಅಲ್ಲಿಗೇ ನಿಲ್ಲದೆ ತನ್ನ ಕಡೆಗೂ ತಿರುಗಿತು. ಅವನು ಬಟ್ಟೆ ನೋಡಿದ. ನಾನು ಬೆಳಕು ನೋಡಿದೆ. ಅವಳನ್ನು ನಾನಾದರೂ ಎಲ್ಲಿ ನೋಡಿದೆ?

ಮೇಷ್ಟ್ರು ಅವಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಫೋಟೋದ ಮೂಲೆ ನೋಡಿದರು. ಆಮೇಲೆ ಹೊರಗೆ ಕಾಫಿ ಹೀರುತ್ತಿದ್ದ ಕೊಟ್ರೇಶನನ್ನು. ವಾಟ್ಸಾಪ್‌ನಲ್ಲಿ ಹರಿದಾಡಿದ ಆ ಇನ್ನೊಂದು ಫೋಟೋ ಅವರ ಮೊಬೈಲಿಗೂ ಬಂದಿರಬೇಕು. ಮುಖ ಕಪ್ಪಿಟ್ಟಿತು. ಸ್ಟೂಲು ಹತ್ತಿ, ಆನಂದಕುಮಾರನ ಕೈಯಿಂದ ಕೆಳಗೆ ಹಿಡಿಸಿ, ಫೋಟೋ ಇಳಿಸಿದರು. ಅದರ ಮೊಳೆಗೆ ಪಕ್ಕದಲ್ಲಿದ್ದ ಬೇರೆ ಚಿತ್ರ ತೂಗಿಸಿ, 'ಅಡ್ರೆಸ್ ಹೇಳಿದ್ದು ನನ್ ತಪ್ಪಾಯ್ತು ಕಣಮ್ಮ' ಎಂದಷ್ಟೇ ಹೇಳಿದರು.

ಮಧ್ಯಾಹ್ನ ಎರಡಕ್ಕೆ ಮನೆ ಸೇರಿದಾಗ ಶಿವರಂಜನಿ ನಡುಮನೆಯಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಬ್ಯಾಡ ಎಂದಿದ್ದರೂ ಕಟ್ಟಿಕೊಂಡಿದ್ದಳು. 'ನೋಡ್ಬುಟ್ನಾ?' ಎಂದಳು.

ಇಲ್ಲ, ಅವನಿಗೆ ಕಾಣಲಿಲ್ಲ ಎಂದು ಸುಲಭವಾಗಿ ಹೇಳಿಬಿಡಬಹುದಿತ್ತು. ದಾರಿಯುದ್ದಕ್ಕೂ ಕಲ್ಪನಾ ಅದನ್ನೇ ಕಟ್ಟಿಕೊಂಡು ಬಂದಿದ್ದಳು. ಆದರೆ ಬಾಯಿಗೆ ಬಂದದ್ದು ನಿಜವೇ. 'ನೋಡ್ದ. ಕನ್ನಡ್ಕ ಹಾಕ್ಕಂಡು, ಬೆರಳಿಟ್ಟು ನೋಡ್ದ. ಯಾರು ಅಂತ ಗೊತ್ತಾಗ್ಲಿಲ್ಲ. ಸೋಮ್ವಾರ ಇಲ್ಲಿಗೇ ಬತ್ತಾನಂತೆ, ಸೀರೆ ತಗಣಾಕೆ.'

'ಎಷ್ಟೊತ್ ನೋಡ್ದ?'

'ಎರಡ್ ನಿಮಿಷ ಇರ್ಬೋದು.'

ಎರ್ರಮ್ಮ ನೀರು ತಂದುಕೊಟ್ಟಳು, ಶಿವರಂಜನಿ ಕುಡಿಯಲಿಲ್ಲ.

'ನಾನೂ ನಿನ್ನ ನೋಡ್ಲಿಲ್ಲ ಕಣೇ' ಎಂದಳು ಕಲ್ಪನಾ. 'ಅವ್ನಿಗೂ ನಂಗೂ ಏನ್ ವ್ಯತ್ಯಾಸ?'

'ನೀನು ಹಲ್ಲುಜ್ಜದೆ ಗಾಡಿ ಹತ್ತಿದ್ಯಲ್ಲಕ್ಕ' ಎಂದಳು ಶಿವರಂಜನಿ. ಆಮೇಲೆ ತನಗೇ ಹೇಳಿಕೊಂಡ ಹಾಗೆ, 'ಎಂಟ್ ತಿಂಗ್ಳು ಈ ಹೊಸ್ತ್ಲು ದಾಟಾಕೆ ಹೆದರ್ಕಂಡಿದ್ದೆ. ಯಾರು ಗುರ್ತು ಹಿಡೀತಾನೆ ಅಂತ ಹೆದರಿದ್ನೋ ಅವ್ನಿಗೆ ನನ್ ಮಖನೇ ಗೊತ್ತಿಲ್ಲ' ಎಂದಳು. ಬ್ಯಾಗನ್ನು ತೊಡೆಯಿಂದ ಇಳಿಸಿದಳು. 'ಸೋಮ್ವಾರ ಬರ್ಲಿ. ಸೀರೆ ನಾನೇ ತೋರಿಸ್ತೀನಿ.'

ಕೇಶವಯ್ಯ ಬೇಡವೆಂದ. ಆನಂದಕುಮಾರ್ ಬೇಡವೆಂದ. ಅವಳು ಕೇಳಲಿಲ್ಲ. ಸೋಮವಾರ ಒಂಬತ್ತು ಗಂಟೆಗೆ ಕಲ್ಪನಾಳ ಜೊತೆ ಸ್ಟೇಷನ್ನಿಗೆ ಹೋಗಿ, ನಾಲ್ಕು ವರ್ಷದ್ದನ್ನೂ ಬರೆಸಿ, ಸಹಿ ಹಾಕಿ ಬಂದಳು. ಸಹಿ ಹಾಕುವಾಗ ಎರಡು ಸಲ ಪೆನ್ನು ಬಿತ್ತು. ಮನೆಗೆ ಬಂದು ಮುಖ ತೊಳೆದು, ಪಡಸಾಲೆಯಲ್ಲಿ ಚಾಪೆ ಹಾಕಿಕೊಂಡು, ಮಗ್ಗದಿಂದ ಇಳಿಸಿದ ಕೆಂಪು ಸೀರೆಯನ್ನು ಮುಂದಿಟ್ಟುಕೊಂಡು ಕೂತಳು.

ಹನ್ನೊಂದೂಕಾಲಿಗೆ ಕಾರು ಬಂತು. ಕೊಟ್ರೇಶ ಚಪ್ಪಲಿ ಬಿಟ್ಟು ಒಳಗೆ ಬಂದು, ಕೇಶವಯ್ಯನಿಗೆ ಕೈಮುಗಿದು, ಚಾಪೆಯ ಈ ಕಡೆ ಕೂತ. ಎದುರಿಗೆ ಕೂತ ಹೆಂಗಸಿನ ಕಡೆ ಒಮ್ಮೆ ನೋಡಿದ. ತಲೆಯ ಮೇಲೆ ಸೆರಗಿತ್ತು, ಮುಖ ತಗ್ಗಿತ್ತು. ಅಷ್ಟಕ್ಕೇ ಅವನ ಕಣ್ಣು ಸೀರೆಗೆ ಇಳಿಯಿತು. ಅದರ ಅಂಚನ್ನು ಎಳೆದು ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ಬೆಳಕಿಗೆ ಎತ್ತಿ ಹಿಡಿದ.

'ಬಣ್ಣ ಬಿಡ್ತೈತಾ?'

'ಬಿಡಲ್ಲ' ಎಂದಳು ಶಿವರಂಜನಿ.

ಅವನ ಕೈ ನಿಂತಿತು. ನಾಲ್ಕು ವರ್ಷ ಅಂಗಡಿಯ ಗಲ್ಲಾದಲ್ಲಿ ಕೂತು ಒಳಮನೆಗೆ ಕೂಗಿ, ಒಳಗಿನಿಂದ ಬಂದ ಉತ್ತರ ಕೇಳಿಸಿಕೊಂಡವನು ಅವನು. ಮುಖ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ನಿಧಾನಕ್ಕೆ ತಲೆಯೆತ್ತಿದ. ಶಿವರಂಜನಿಯೂ ಎತ್ತಿದಳು. ಸೆರಗನ್ನು ಹಿಂದಕ್ಕೆ ಸರಿಸಿದಳು.

'ಮೊನ್ನೆ ಎರಡ್ ನಿಮಿಷ ನೋಡಿದ್ರಂತೆ. ಇವತ್ತು ಸರಿಯಾಗಿ ನೋಡ್ಕಳ್ರಿ. ಆಮೇಲೆ ನೋಡಾದು ಕೋರ್ಟಲ್ಲೇ. ಬೆಳಗ್ಗೆ ಕಂಪ್ಲೇಂಟ್ ಕೊಟ್ಟು ಬಂದಿದೀನಿ.'

ಅವನು ಎದ್ದ. ಕೈ ತಾನಾಗಿಯೇ ಮೇಲೆ ಹೋಯಿತು, ಅಭ್ಯಾಸ ಅದಕ್ಕಿತ್ತು. ಆಗ ಅವನಿಗೊಂದು ಕೇಳಿಸಿತು, ಅಥವಾ ಕೇಳಿಸದಾಯಿತು. ಇಡೀ ಬೀದಿಯಲ್ಲಿ ಒಂದು ಮಗ್ಗದ ಸದ್ದೂ ಇರಲಿಲ್ಲ. ಬಾಗಿಲ ಕಡೆ ತಿರುಗಿದ. ಹೊಸ್ತಿಲಿಂದ ಕಾರಿನವರೆಗೂ ಗಂಡಸರು ಹೆಂಗಸರು ಎನ್ನದೆ ಜನ ನಿಂತಿದ್ದರು, ಕೆಲವರ ಕೈಯಲ್ಲಿ ಇನ್ನೂ ಲಾಳಿಯಿತ್ತು. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

ಎತ್ತಿದ ಕೈಯಿಂದ ಅಂಗಿಯ ಕಾಲರು ಸರಿಮಾಡಿಕೊಂಡು ಕೊಟ್ರೇಶ ಅವರ ನಡುವೆ ನಡೆದು ಹೋದ. ಒಬ್ಬೊಬ್ಬರೂ ದಾರಿ ಬಿಡುವಷ್ಟು ಮಾತ್ರ ಸರಿದರು. ಕಾರು ಬೀದಿಯ ತುದಿ ತಿರುಗುವವರೆಗೂ ಶಿವರಂಜನಿ ನೆಟ್ಟಗೆ ಕೂತಿದ್ದಳು. ಆಮೇಲೆ ಅವಳ ಹಲ್ಲು ಕಟಕಟ ಎನ್ನಲು ಶುರುವಾಯಿತು. ಕಲ್ಪನಾ ಓಡಿಹೋಗಿ ಅವಳೆದುರು ಕೂತು ಎರಡೂ ಕೈಗಳನ್ನು ಹಿಡಿದುಕೊಂಡಳು. ಅಷ್ಟು ಹತ್ತಿರದಿಂದ ನೋಡಿದಾಗ, ಅವಳ ಬಲಗಣ್ಣು ಎಡಗಣ್ಣಿಗಿಂತ ತುಸು ಚಿಕ್ಕದೆಂದು ಕಲ್ಪನಾಳಿಗೆ ಮೊದಲ ಸಲ ಕಂಡಿತು.

ಶಿವರಂಜನಿಯ ಅಂಗೈ ಬೆವೆತು, ಸೀರೆಯ ಮೇಲೆ ಎರಡು ಒದ್ದೆ ಕಲೆ ಬಿದ್ದಿದ್ದವು. ಮೂರು ವಾರದ ಕೆಲಸ. ಕೇಶವಯ್ಯ ಬಗ್ಗಿ ಸೀರೆ ಎತ್ತಿಕೊಂಡ, ಕಲೆ ನೋಡಿದ, ಅವಳನ್ನು ನೋಡಿದ.

'ಹೋಗ್ಲಿ ಬಿಡಮ್ಮ' ಎಂದ. 'ನೆರಳಲ್ಲಿ ಹಾಕಿದ್ರೆ ಒಣಗ್ತೈತೆ.'